ಆಲೂರಿನ ನೀರು

ಮದುವೆಯಾಗಿ ಆದೋನಿಗೆ ಬಂದ ಮೊದಲ ವರ್ಷವೇ ನನ್ನ ಹೊಟ್ಟೆಯುಬ್ಬರ ಓಣಿಗೆಲ್ಲ ಗೊತ್ತಾಗಿತ್ತು. ಸಂಜೆಯಾದರೆ ಹೊಟ್ಟೆ ಬಿಗಿದು, ಹುಳಿತೇಗು ಬಂದು, ಸೀರೆಯ ನೆರಿಗೆ ಸಡಿಲಿಸದೆ ಕೂರಲಾಗುತ್ತಿರಲಿಲ್ಲ. ನೆರೆಯ ಹೆಂಗಸರು ಮೊದಲು ಬಸಿರೆಂದು ತಿಳಿದು ನಕ್ಕರು. ಅಲ್ಲವೆಂದು ತಿಳಿದ ಮೇಲೂ ನಕ್ಕರು, ಆ ನಗು ಬೇರೆ.

ನಮ್ಮದು ಹತ್ತಿ ವ್ಯಾಪಾರದ ಮನೆ. ಗಂಡ ಉಣ್ಣುವ ತನಕ ಹೆಂಡತಿ ಉಣ್ಣುವಂತಿಲ್ಲ. ಹತ್ತಿ ಸುಗ್ಗಿಯಲ್ಲಿ ನಮ್ಮವರು ಮಂಡಿಯಿಂದ ಬರುವಾಗ ಹೊತ್ತು ಇಳಿದಿರುತ್ತಿತ್ತು. ಆಮೇಲೆ ನಾನು ಬೆಳಗಿನ ರೊಟ್ಟಿಯನ್ನು ಹಸಿ ಉಳ್ಳಾಗಡ್ಡಿ, ಅಲಸಂದೆ ಪಲ್ಯದ ಜೊತೆ ಗಬಗಬ ನುಂಗಿ ಮತ್ತೆ ಒಲೆಯ ಮುಂದೆ ಕೂರಬೇಕು. ಅತ್ತೆಗೆ ಈ ಕಟ್ಟಳೆ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ಅವರು ಪೂಜೆ ಮುಗಿಸಿ ಮಧ್ಯಾಹ್ನವೇ ಉಣ್ಣುತ್ತಿದ್ದರು.

ಅತ್ತೆ ಕೆಟ್ಟವರೇನಲ್ಲ. ಅಜವಾನ ಕುದಿಸಿ ಕುಡಿಸಿದರು, ಹೊಕ್ಕುಳ ಸುತ್ತ ಇಂಗು ಹಚ್ಚಿದರು, ವಿಭೂತಿ ಬಳಿದರು. ಹೊತ್ತಿಗೆ ಸರಿಯಾಗಿ ತುತ್ತು ಕೊಡುವುದೊಂದು ಬಿಟ್ಟು ಎಲ್ಲ ಮಾಡಿದರು.

ಹಬ್ಬಕ್ಕೆಂದು ತವರೂರು ಆಲೂರಿಗೆ ಹೋದೆ. ಅವ್ವ ಮಧ್ಯಾಹ್ನವೇ ಬಿಸಿ ರೊಟ್ಟಿ ಹಾಕಿದಳು. ಹೊಟ್ಟೆ ತಾನಾಗಿ ಇಳಿಯಿತು. ಸುದ್ದಿ ಕೇಳಿದ ಅತ್ತೆ ಮಗನಿಗೆ, “ಆಕಿಗೆ ನಮ್ಮೂರ ನೀರು ಒಗ್ಗಿಲ್ಲ. ಆಲೂರ ನೀರು ತರಸು. ಅದಕ್ಕೂ ಇಳೀಲಿಲ್ಲಂದ್ರ ತವರಾಗ ಇರ್ಲಿ ಬಿಡು” ಅಂದರು.

ನಾನು ಆದೋನಿಗೆ ಮರಳಿದ ಮೇಲೆ, ಆ ಕಡೆಯಿಂದ ಹತ್ತಿ ತರುವ ಬಂಡಿಗಳಲ್ಲಿ ನಮ್ಮವ್ವನ ಬಾವಿಯ ನೀರು ಕೊಡದಲ್ಲಿ ಬರತೊಡಗಿತು. ಅಷ್ಟು ದೂರದಿಂದ ನೀರು ಬಂತು, ಒಳಗಿನ ಗೂಡಿನಲ್ಲಿದ್ದ ರೊಟ್ಟಿ ನನ್ನ ತಟ್ಟೆಗೆ ಬರಲಿಲ್ಲ. ಗಂಡ ಬಿಟ್ಟವಳು ಅನ್ನಿಸಿಕೊಳ್ಳುವ ಭಯಕ್ಕೆ ನಾನು ಆ ನೀರು ಕುಡಿದು, ಉಬ್ಬಿದ ಹೊಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಆರಾಮ ಐತ್ರಿ” ಎನ್ನುತ್ತಿದ್ದೆ.

ಮುಂದಿನ ಸುಗ್ಗಿಯಲ್ಲಿ ನಮ್ಮವರ ಹೊಟ್ಟೆಯೂ ಉಬ್ಬಿತು. ಕೂಡಲೇ ಡಾಕ್ಟರು ಮನೆಗೇ ಬಂದರು.

“ಹೊತ್ತು ಮೀರಿ ಉಂಡು ಗಬಗಬ ನುಂಗಿದ್ರ ಗಾಳಿ ತುಂಬದ ಏನಾಗತೈತಿ? ಮಧ್ಯಾಹ್ನಕ್ಕ ಸರಿಯಾಗಿ ಉಣ್ರಿ. ಮೆಲ್ಲಗ ಅಗದು ಉಣ್ರಿ” ಅಂದರು.

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಅದೇ ಮಾತು ನಾನು ಆಡಿದ್ದರೆ ಹೊಟ್ಟೆಬಾಕಿ ಅನ್ನಿಸಿಕೊಳ್ಳುತ್ತಿದ್ದೆ. ಡಾಕ್ಟರು ಹೋದ ಮೇಲೆ, “ಇವರಿಗೂ ಆಲೂರ ನೀರು ಕೊಡೂನೇನ್ರಿ ಅತ್ತಿ?” ಅಂದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು.

ಮರುದಿನದಿಂದ ಮಧ್ಯಾಹ್ನಕ್ಕೆ ಸರಿಯಾಗಿ ಬಿಸಿ ಊಟದ ಡಬ್ಬಿ ಮಂಡಿಗೆ ಹೊರಟಿತು. ಇನ್ನು ಕಾಯುವುದೇನಿದೆ ಎಂದು ನಾನೂ ತಟ್ಟೆ ಹಾಕಿಕೊಂಡು ಕೂತೆ. ಅತ್ತೆ ಆಗಲೇ ಉಂಡು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

“ಅವ ಉಂಡಾನೋ ಇಲ್ಲೋ ನಿನಗ ಹ್ಯಾಂಗ ಗೊತ್ತು? ಖಾಲಿ ಡಬ್ಬಿ ಮನಿಗೆ ಬರ್ಲಿ.”

ಖಾಲಿ ಡಬ್ಬಿ ದೀಪ ಹಚ್ಚುವ ಹೊತ್ತಿಗೆ ನಮ್ಮವರ ಕೈಯಲ್ಲೇ ಬಂತು. ಅದನ್ನು ತೊಳೆದಿಟ್ಟು, ತಣ್ಣಗಿನ ರೊಟ್ಟಿ ಮುರಿದೆ. ಕುಡಿಯಲು ಪಕ್ಕದಲ್ಲಿ ಆಲೂರಿನ ನೀರಿತ್ತು.