ಗೊಂಬೆಗಳ ನಡುವೆ ಶಾಂಪೇನ್

೧೯೭೩ರ ನವರಾತ್ರಿಯಲ್ಲಿ ಅಮೆರಿಕದ ಲಿವೋನಿಯಾದ ನಮ್ಮ ಮನೆಯಲ್ಲಿ ಪಟ್ಟದ ಗೊಂಬೆಗಳ ಪಕ್ಕ ಒಂದು ಶಾಂಪೇನ್ ಬಾಟಲಿ ನಿಂತಿತ್ತು. ಆಫೀಸಿನವರು ಕೊಟ್ಟಿದ್ದು, ನಾವು ಕುಡಿಯುವವರಲ್ಲ. ಕುತ್ತಿಗೆಯ ಚಿನ್ನದ ಬಣ್ಣದ ಕಾಗದ ಚೆಂದವೆಂದು ನನ್ನ ಹೆಂಡತಿ ಶಾಂತಾ ಅಲ್ಲಿಟ್ಟಿದ್ದಳು.

ಗೊಂಬೆ ನೋಡಲು ಬಂದ ಪಕ್ಕದ ಮನೆಯ ಮದ್ಲೇನ್ ಫ್ರಾನ್ಸ್‌ನವರು. ಅಮೆರಿಕದ ಸೈನಿಕನನ್ನು ಮದುವೆಯಾಗಿ ಬಂದವರು. ಬಾಟಲಿಯ ಚೀಟಿ ಓದಿ, ಅದನ್ನು ಮೆಲ್ಲಗೆ ಅಡ್ಡ ಮಲಗಿಸಿದರು. ಅದು ಅವರ ಊರಿನದು. ದ್ರಾಕ್ಷಿಯ ಫಸಲು ಚೆನ್ನಾಗಿ ಬಂದ ವರ್ಷ ಮಾತ್ರ ಬಾಟಲಿಯ ಮೇಲೆ ಇಸವಿ ಹಾಕುತ್ತಾರಂತೆ. ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಮಲಗಿದ ಬಾಟಲಿಗಳನ್ನು ಕೊನೆಗೆ ದಿನವೂ ಕೈಯಿಂದ ಅಷ್ಟಷ್ಟೇ ತಿರುಗಿಸಿ, ಮಡ್ಡಿಯನ್ನು ಬಾಯಿಯ ಕಡೆಗೆ ಇಳಿಸುವುದು ಅವರ ತಂದೆಯ ಕೆಲಸವಾಗಿತ್ತು.

"೧೯೫೯ರದು. ಅಪ್ಪ ತಿರುಗಿಸಿದ ಕೊನೆಯ ಫಸಲು," ಎಂದರು ಇಂಗ್ಲಿಷಿನಲ್ಲಿ. "ಅವರ ಮಣ್ಣಿಗೂ ನನಗೆ ಹೋಗಲಾಗಲಿಲ್ಲ."

ಶಾಂತಾ ನನ್ನತ್ತ ತಿರುಗಿ, "ಇದು ಅವರ ತವರಿಂದು ಕಣ್ರೀ. ನಮ್ಮನೇಲ್ಯಾಕೆ? ಕೊಟ್ಬಿಡೋಣ" ಎಂದಳು. ಕುಂಕುಮವಿಟ್ಟು, ತಾಂಬೂಲದಲ್ಲಿ ತೆಂಗಿನಕಾಯಿಯ ಬದಲು ಆ ಬಾಟಲಿಯನ್ನೇ ಇಟ್ಟು ಕೊಟ್ಟಳು.

೧೯೭೮ರಲ್ಲಿ ನಾವು ಊರು ಬಿಟ್ಟು ನೇಪರ್‌ವಿಲ್‌ಗೆ ಹೊರಟಾಗಲೂ ಮದ್ಲೇನ್ ಅದನ್ನು ತೆರೆದಿರಲಿಲ್ಲ. ಫ್ರಾನ್ಸ್‌ನಿಂದ ಅಣ್ಣ ಬರಲೆಂದು ಕಾಯುತ್ತಿದ್ದರು.