ತಾಮ್ರದ ಹಂಡೆಯಲ್ಲಿ ಹಗಲು ಕಳೆದ ಮೀನು

ಕೆಟ್ಟದ್ದು ಮಾಡಿ ಒಪ್ಪಿಕೊಳ್ಳುವುದಕ್ಕಿಂತ, ಒಳ್ಳೆಯದು ಮಾಡಲು ಹೋಗಿ ಕೆಡಿಸಿದ್ದನ್ನು ಹೇಳಿಕೊಳ್ಳುವುದು ಕಷ್ಟ. ಆದ್ದರಿಂದ ನಿಧಾನವಾಗಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕುಪ್ಪಗಡ್ಡೆಯಲ್ಲಿ ನಮಗೂ ಪಕ್ಕದ ಮನೆಯ ಸಣ್ಣಮ್ಮನವರಿಗೂ ಒಂದೇ ಬಾವಿ. ಅದರಲ್ಲಿ ಅವರು ಬಿಟ್ಟ ಒಂದು ಗೆಂಡೆ ಮೀನಿತ್ತು. ಏಳು ವರ್ಷದ್ದು. ಬೆಳಿಗ್ಗೆ ಕೊಡ ಇಳಿಸುವ ಮೊದಲು ಸಣ್ಣಮ್ಮ ಬಗ್ಗಿ ನೋಡುತ್ತಿದ್ದರು. ಮೀನು ಒಮ್ಮೆ ಹೊರಳಿ ಬೆನ್ನು ತೋರಿಸಿದ ಮೇಲೆಯೇ ನೀರು. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಆದರೂ ಆ ಬೆನ್ನು ಕಾಣದೆ ನೀರು ಕುಡಿಯುವ ಧೈರ್ಯ ನನಗೂ ಇರಲಿಲ್ಲ.

ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಸಿದೆವು. ಮೀನಿನ ಹೊಣೆ ನನ್ನದು. ಸಣ್ಣಮ್ಮ ಪ್ಲಾಸ್ಟಿಕ್ ಬಕೆಟ್ ತಂದಿಟ್ಟಿದ್ದರು. ಅದು ನನಗೆ ಮರ್ಯಾದೆ ಎನಿಸಲಿಲ್ಲ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿ, ಮೀನನ್ನು ಬಿಟ್ಟೆ. ತಾಮ್ರದ ನೀರು ಮೈಗೆ ಒಳ್ಳೆಯದೆಂದು ದಿನವೂ ಒಂದು ಚೊಂಬು ಕುಡಿಯುವವನು ನಾನು. ಮಧ್ಯಾಹ್ನ ನೆರಳು ಸರಿದು ಹಂಡೆಗೆ ಬಿಸಿಲು ಬಿತ್ತು. ನಾನು ಉಂಡು ಮಲಗಿದ್ದೆ. ಸಂಜೆ ಮುಟ್ಟಿದರೆ ನೀರು ಉಗುರುಬೆಚ್ಚಗಿತ್ತು. ಹಾಗೆಯೇ ಎತ್ತಿ, ಹೊಸದಾಗಿ ಒಸರಿದ ತಣ್ಣೀರಿಗೆ ಬಿಟ್ಟೆ. ಮೀನು ಬಾಲ ಬೀಸಿ ತಳಕ್ಕೆ ಹೋಯಿತು. ನಾನು ಸ್ವಲ್ಪ ಬೀಗಿದೆ.

ಒಂಬತ್ತನೆಯ ದಿನ ಅದರ ಪಕ್ಕೆಯ ಮೇಲೆ ಹತ್ತಿಯಂಥ ಬೂಷ್ಟು ಕಂಡಿತು.

ಮೀನುಗಾರಿಕೆ ಓದಿದ ತಂಗಿಯ ಮಗಳು ರೇಣುಕಾ ಸೊರಬದಿಂದ ಬಂದಳು. ಬಾಲದ ಬುಡದಿಂದ ಒಂದು ಹನಿ ರಕ್ತ ತೆಗೆದು, ಗಾಜಿಗೆ ಬಳಿದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ನಮ್ಮ ಕೆಂಪುಕಣಗಳ ಹಾಗಲ್ಲ, ಮೀನಿನವಕ್ಕೆ ನಡುವೆ ಒಂದು ಚುಕ್ಕೆ ಇರುತ್ತದೆ. ಆ ಚುಕ್ಕೆಗಳ ಸಂತೆಯಲ್ಲಿ ರೋಗ ತಡೆಯುವ ಬಿಳಿಯ ಕಣಗಳನ್ನು ಹುಡುಕಿದೆ. ಗಾಜು ಸರಿಸಿ ಸರಿಸಿ ಎರಡು ಸಿಕ್ಕವು.

“ಇಷ್ಟೇನಾ?”

“ಇಷ್ಟೇ ಮಾವ. ತಾಮ್ರ ಮೀನಿಗೆ ವಿಷ, ಆಮೇಲೆ ಬಿಸಿಲು, ಅದರ ಮೇಲೆ ತಣ್ಣೀರು. ಬೆದರಿದ ಮೀನಿನ ರಕ್ತದಲ್ಲಿ ಇವು ಕಮ್ಮಿ ಆಗ್ತವೆ. ಉಳಿದವಕ್ಕೂ ತ್ರಾಣ ಇರಲ್ಲ. ಬೂಷ್ಟಿನ ಬೀಜ ಬಾವೀಲಿ ಯಾವಾಗ್ಲೂ ಇತ್ತು, ತಡೆಯೋರೂ ಇದ್ರು ಅಷ್ಟೇ.”

“ಅವತ್ತು ಚೆನ್ನಾಗೇ ಈಜ್ತಲ್ಲೇ!”

“ಅವತ್ತು ನೀವು ನೋಡಿದ್ದು ಬಾಲ.”

ನಮ್ಮ ಮೈಯ ಬಿಸಿಯನ್ನು ನಾವೇ ಹೊತ್ತು ತಿರುಗುತ್ತೇವೆ. ಮೀನಿಗೆ ಆ ಸೌಕರ್ಯವಿಲ್ಲ. ನೀರಿನ ಬಿಸಿಯೇ ಅದರ ಬಿಸಿ, ನೀರಿಗೆ ಸೇರಿದ್ದೆಲ್ಲ ಕಿವಿರಿನ ಬಾಗಿಲಿಗೇ ಬರುತ್ತದೆ. ಇದನ್ನು ನಾನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೆ.

ರೇಣುಕಾ ಅದೇ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಉಪ್ಪುನೀರಿಟ್ಟು ಆರೈಕೆ ಮಾಡಿದಳು. ಸಣ್ಣಮ್ಮ ಮಾತ್ರ ಹೂಳು ತೆಗೆದವರನ್ನು ಬೈಯುತ್ತಿದ್ದರು, “ಯಾರದೋ ಕಾಲು ತಾಗೈತೆ ನೋಡ್ರಿ” ಎಂದು. ಎರಡು ದಿನ ಕೇಳಿಸಿಕೊಂಡು ಸುಮ್ಮನಿದ್ದೆ. ಮೂರನೆಯ ದಿನ ಮೀನು ಸತ್ತಿತು. ಆಗ ಹೇಳಿದೆ: ಹಂಡೆ, ಬಿಸಿಲು, ನನ್ನ ನಿದ್ದೆ. ಒಂದನ್ನೂ ಬಿಡಲಿಲ್ಲ.

ಸಣ್ಣಮ್ಮ ಬಾವಿಗೆ ಬಗ್ಗಿ ನೋಡಿದರು. “ಹಂಡೆ ಮಾತ್ರ ಚೆಂದ ಹೊಳೀತಿತ್ತು” ಎಂದರು.

ಮಳೆ ಹಿಡಿದ ಮೇಲೆ ಹೊಸ ಮರಿಯೊಂದನ್ನು ತಂದು ಬಿಟ್ಟರು. ಬಿಟ್ಟು ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಇದಕ್ಕೆ ನೀವು ಏನೂ ಒಳ್ಳೇದು ಮಾಡಕ್ಕೆ ಹೋಗ್ಬೇಡಿ.”

ಆಗಲಿ ಎಂದೆ. ಬೆಳಿಗ್ಗೆ ಇಬ್ಬರೂ ಬಗ್ಗಿ ನೋಡುತ್ತೇವೆ. ಅದು ಇನ್ನೂ ಮೇಲಿನಿಂದ ಕಾಣುವಷ್ಟು ಬೆಳೆದಿಲ್ಲ. ನಾನು ಕೈ ಹಿಂದೆ ಕಟ್ಟಿಕೊಂಡು ಕಾಯುತ್ತೇನೆ.