ಕ್ವಾರ್ಟರ್‌ಬ್ಯಾಕ್‌ನನ್ನು ಬೈಯುವ ಹಕ್ಕು

ಡಲ್ಲಾಸಿಗೆ ಅಂಟಿಕೊಂಡ ಫಾರ್ಮರ್ಸ್ ಬ್ರಾಂಚ್ ಎಂಬ ಊರಿಗೆ ಬಂದ ಮೊದಲ ಭಾನುವಾರ ಮಧ್ಯಾಹ್ನ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕರ್ಫ್ಯೂ ಇರಬೇಕೆಂದುಕೊಂಡೆ. ಇದ್ದಕ್ಕಿದ್ದಂತೆ ಸುತ್ತಲಿನ ಹಿತ್ತಲುಗಳಿಂದೆಲ್ಲ ಒಮ್ಮೆಗೇ ದೊಡ್ಡ ಚೀತ್ಕಾರ ಎದ್ದಿತು. ಯಾರೋ ಸತ್ತೇ ಹೋದರೆಂದು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಓಡಿದೆ. ಟೆಕ್ಸಸ್ಸಿನ ಕಾಂಕ್ರೀಟು ಅಂಗಾಲು ಸುಟ್ಟಿತು. ಬಾಗಿಲು ತೆಗೆದ ಹೆಂಗಸು ನನ್ನ ಗಾಬರಿ ನೋಡಿ, ಒಳಗೆ ಟಿವಿಯಲ್ಲಿ ನಡೆದಿದ್ದ ಅಮೆರಿಕನ್ ಫುಟ್‌ಬಾಲ್ ಪಂದ್ಯದತ್ತ ಕೈ ತೋರಿಸಿ, "ಚೆಂಡು ಕೈತಪ್ಪಿತು" ಎಂದಳು. ಅಷ್ಟೇ! ಅವಳೇ ಲಿಂಡಾ. ಒಳಗೆ ಕರೆದು, ಸೋಫಾದಲ್ಲಿ ತನ್ನ ಗಂಡ ರೇಯ ಪಕ್ಕ ಕೂರಿಸಿದಳು. ಆಮೇಲೆ ಪ್ರತಿ ಭಾನುವಾರ ನಾನು ಅಲ್ಲೇ.

ಬೇರೆ ದಾರಿಯೂ ಇರಲಿಲ್ಲ ಅನ್ನಿ. ನನ್ನ ಗಂಡ ಮಹೇಶನ ಕೆಲಸ ಆಸ್ಟಿನ್ನಿನಲ್ಲಿ, ಫಿಸಿಯೋಥೆರಪಿಸ್ಟ್ ಆದ ನನ್ನ ಕ್ಲಿನಿಕ್ಕು ಇಲ್ಲಿ. ಅವನು ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಬಂದರೆ ಸೋಮವಾರ ಮತ್ತೆ ಹೊರಟ. ನಮ್ಮೂರು ಹುಬ್ಬಳ್ಳಿಯಲ್ಲಾದರೆ ಪಕ್ಕದ ಮನೆಯವರು ಪಲ್ಯ ಏನೆಂದು ಕೇಳಿ, ರುಚಿ ನೋಡಿ, ಉಪ್ಪು ಕಡಿಮೆ ಎಂದು ಹೇಳಿ ಹೋಗುತ್ತಾರೆ. ಇಲ್ಲಿ ಕಾರಿನೊಳಗಿಂದಲೇ ಕೈ ಬೀಸುತ್ತಾರೆ. ನಾನೂ ಬೀಸಿದೆ. ಸಕ್ಕರೆಪಾಕದಂಥ ಐಸ್ ಟೀ ಕುಡಿದು ಚೆನ್ನಾಗಿದೆ ಎಂದೆ, ಕುಂಬಳಕಾಯಿಯ ಸಿಹಿ ತಿಂದು ಬಹಳ ಚೆನ್ನಾಗಿದೆ ಎಂದೆ. ಎಲ್ಲವನ್ನೂ ಹೊಗಳಿ ಹೊಗಳಿ ನನ್ನ ಬಾಯಿಯೇ ಸಪ್ಪಗಾಯಿತು.

ಆಟ ತಲೆಗೆ ಹತ್ತಿದ ಮೇಲೆ ಬಾಯಿ ಬಿಟ್ಟೆ. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನು. ಇಡೀ ತಂಡದ ಹಣೆಬರಹ ಅವನ ಕೈಯಲ್ಲಿ. ನಾವು ನೆಚ್ಚಿಕೊಂಡ ಡಲ್ಲಾಸಿನ ತಂಡಕ್ಕೆ ಸಿಕ್ಕ ಮಹಾನುಭಾವನ ಹೆಸರು ಬರೆಯುವುದಿಲ್ಲ, ಬರೆದರೆ ನನ್ನ ಬಿ.ಪಿ. ಏರುತ್ತದೆ. ಪ್ರತಿ ಪಂದ್ಯಕ್ಕೂ ಅವನನ್ನೇ ಮೊದಲು ಇಳಿಸುತ್ತಾರೆ. ಅವನೋ ಬಲಗಡೆ ಹತ್ತಿರ ನಿಂತವನಿಗೆ ಮಾತ್ರ ಎಸೆಯುತ್ತಾನೆ. ಎಡಗಡೆ ನಮ್ಮವನೊಬ್ಬ ಒಂಟಿಯಾಗಿ ನಿಂತು ಎರಡೂ ಕೈ ಬೀಸುತ್ತಿದ್ದರೂ ಅತ್ತ ಕಣ್ಣು ಹಾಯಿಸುವುದಿಲ್ಲ. ಕೆಟ್ಟ ಆಟಗಾರನಲ್ಲ. ಸೋಲಿಸುವುದಿಲ್ಲ, ಗೆಲ್ಲಿಸುವುದೂ ಇಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಹೂಸ್ಟನ್ ತಂಡದ ಮೇಲೆ ಪಂದ್ಯವಿದ್ದ ದಿನ ಮಹೇಶನೂ ಬಂದಿದ್ದ. ನಾನು ಮಿರ್ಚಿ ಭಜಿ ಕರಿದು ಒಯ್ದಿದ್ದೆ. ಲಿಂಡಾಳ ಅಣ್ಣ ಡೇಲ್ ಅವತ್ತೇ ಮೊದಲ ಸಲ ಸಿಕ್ಕಿದ್ದು. ಪಂದ್ಯ ಮುಗಿಯುತ್ತ ಬಂದಿತ್ತು, ಒಂದು ದೂರದ ಎಸೆತ ಸಾಕಿತ್ತು. ನಮ್ಮ ಮಹಾನುಭಾವ ಮತ್ತೆ ಬಲಗಡೆ, ಮತ್ತೆ ಹತ್ತಿರ!

"ಏ ಮಬ್ಬ! ಕುತ್ತಿಗಿ ಹಿಡದೈತೇನೋ ನಿಂದು? ಎಡಕ್ಕ ನೋಡೋ!" ಎಂದು ಚೀರಿದೆ. ಯಾರಿಗೂ ಅರ್ಥವಾಗಲಿಲ್ಲವೆಂದು ಇಂಗ್ಲಿಷಿನಲ್ಲೂ ಬೈದೆ, ಇನ್ನೂ ಸ್ವಲ್ಪ ಸೇರಿಸಿ.

ಡೇಲ್ ನನ್ನತ್ತ ತಿರುಗಿದ. "ಇಲ್ಲಿ ನಾವು ನಮ್ಮ ಹುಡುಗನ ಬಗ್ಗೆ ಹೀಗೆ ಮಾತಾಡುವುದಿಲ್ಲ. ಹಿಡಿಸದಿದ್ದರೆ ನಿಮ್ಮ ಊರಿನ ಆಟ ಯಾವುದಾದರೂ ನೋಡಿಕೊಳ್ಳಿ" ಎಂದ.

ಮೈಸೂರಿನ ಮಹೇಶನಿಗೆ ಜಗಳವೆಂದರೆ ಆಗದು. "ಸಾರಿ ಅಂದ್ಬಿಡೆ, ಹೊರಡೋಣ" ಎಂದು ಪಿಸುಗುಟ್ಟಿದ.

"ಯಾಕ ಅನ್ನಲಿ? ನಾ ಏಳಂಗಿಲ್ಲ" ಎಂದೆ. ಈ ಊರಿನಲ್ಲಿ ಕಾಲಿಂಗ್ ಬೆಲ್ ಒತ್ತದೆ ನಾನು ನುಗ್ಗುತ್ತಿದ್ದುದು ಈ ಒಂದೇ ಮನೆಗೆ. ಅವತ್ತು ಎದ್ದು ಹೊರಟಿದ್ದರೆ ಮತ್ತೆ ಒಳಗೆ ಕಾಲಿಡಲು ನನಗೆ ಮುಖವಿರುತ್ತಿರಲಿಲ್ಲ. ಡೇಲ್‌ನತ್ತ ತಿರುಗಿ ಹೇಳಿದೆ: "ನಮ್ಮ ಕಡೆ ಪರರನ್ನು ಯಾರೂ ಹೀಗೆ ಬೈಯುವುದಿಲ್ಲ. ಹೂಸ್ಟನ್ನಿನವನು ಹೇಗೆ ಎಸೆದರೆ ನನಗೇನು? ಈತ ನನ್ನವನು. ಸೋತಾಗ ಇದೇ ಸೋಫಾದ ಮೇಲೆ ಕೂತು ಅತ್ತಿದ್ದೇನೆ. ಬೈಯುವುದಕ್ಕೆ ನಿಮ್ಮ ಅಪ್ಪಣೆ ಬೇಕಿಲ್ಲ."

ಡೇಲ್ ಬಾಯಿ ತೆರೆಯುವಷ್ಟರಲ್ಲಿ ಟಿವಿಯಲ್ಲಿ ಮುಂದಿನ ಎಸೆತ. ಬಲಗಡೆ. ಹತ್ತಿರ. ಸದಾ ಮೆತ್ತಗೆ ಮಾತಾಡುವ ಲಿಂಡಾ ಕೈಯಲ್ಲಿದ್ದ ಭಜಿಯನ್ನೇ ಟಿವಿಗೆ ಬೀಸಿ ಒಗೆದು, ಚರ್ಚಿಗೆ ಹೋಗುವವರು ಆಡಬಾರದ ಮಾತೊಂದನ್ನು ಆಡಿದಳು. ರೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಡೇಲ್, ಸ್ವಲ್ಪ ಸರಿದು ಕೂತುಕೋ. ಆಕೆಗೆ ಪೂರ್ತಿ ಕಾಣಿಸಬೇಕು, ಬೈಯುವುದು ಇನ್ನೂ ಬಹಳ ಇದೆ" ಎಂದ. ಡೇಲ್ ಗೊಣಗಿದ, ಆದರೆ ಸರಿದ. ಪಂದ್ಯ ಸೋತೆವು. ಅಷ್ಟು ಖುಷಿಯಿಂದ ನಾನು ಯಾವ ಸೋಲನ್ನೂ ನೋಡಿಲ್ಲ.

ಆ ಸೀಸನ್ ಮುಗಿದ ಮೇಲೆ ರಜೆಗೆ ಹುಬ್ಬಳ್ಳಿಗೆ ಹೋದೆ. ತಮ್ಮ ಬಸು ನಮ್ಮ ಓಣಿಯ ಟೆನ್ನಿಸ್ ಬಾಲ್ ಕ್ರಿಕೆಟ್ ತಂಡದ ಕ್ಯಾಪ್ಟನ್. ಮೈದಾನದಲ್ಲಿ ನನ್ನನ್ನು ಕುರ್ಚಿ ತರಿಸಿ ಕೂರಿಸಿದ್ದರು. ಬಸು ಕೈಗೇ ಬಂದ ಕ್ಯಾಚನ್ನು ನೆಲಕ್ಕೆ ಹಾಕಿದ. ಇಡೀ ಓಣಿ ಅವನ ಜನ್ಮ ಜಾಲಾಡಿತು. ನಾನು ಚಪ್ಪಾಳೆ ತಟ್ಟಿ, "ಇರಲಿ ಬಸು, ಛಲೋ ಪ್ರಯತ್ನ ಮಾಡಿದಿ" ಎಂದೆ.

ಬಸು ಆಟ ಬಿಟ್ಟು ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ. ಮುಖ ಸಣ್ಣಗಾಗಿತ್ತು.

"ಯಾಕಕ್ಕಾ, ಬೈಯಲಿಲ್ಲಲ್ಲ? ನಾ ಏನು ನಿನಗ ಹೊರಗಿನಾಂವ ಆದ್ನೇನು?"

ಕುರ್ಚಿಯಿಂದ ಎದ್ದು ನಿಂತೆ. "ಅಂಗೈಗೆ ಬೆಣ್ಣಿ ಹಚಗೊಂಡು ಬಂದೀಯೇನೋ ಬಸ್ಯಾ? ನಡಿ, ನೆಟ್ಟಗ ಹಿಡಿ!" ಎಂದು ಓಣಿಗೆಲ್ಲ ಕೇಳುವಂತೆ ಗದರಿದೆ. ಬಸು ಹಲ್ಲು ಕಿರಿಯುತ್ತ ಓಡಿದ. ಅವನಿಗೆ ಅಷ್ಟು ಸಾಕಾಯಿತು. ಆದರೆ ಆ ಮಾತು ಹುಟ್ಟುವ ಮುನ್ನ ನಾನು ಒಂದು ಗಳಿಗೆ ಯೋಚಿಸಿದ್ದೆ. ನನ್ನ ತಮ್ಮನನ್ನು ಬೈಯಲು ಏನು ಹೇಳಬೇಕೆಂದು ಹುಡುಕಿದ್ದು ಜೀವಮಾನದಲ್ಲಿ ಅದೇ ಮೊದಲು.